ಆಯಿಲ್ ಕೂಲರ್ ಕೂರಿಸುವ ಮುನ್ನ ಡಿಪ್‌ಸ್ಟಿಕ್ ನೋಡಿ

ಟರ್ಬೊ ಇರುವ, 7000 ಆರ್‌ಪಿಎಂ ದಾಟಿ ತಿರುಗುವ ಇಂಜಿನ್‌ನಲ್ಲಿ ಆಯಿಲ್‌ಗೆ ಸವೆತ ತಡೆಯುವುದರ ಜೊತೆಗೆ ಶಾಖ ಹೊರುವ ಕೆಲಸವೂ ಇದೆ. ಪಿಸ್ಟನ್‌ಗಳ ಅಡಿಗೆ ಪುಟ್ಟ ಜೆಟ್‌ಗಳು ಚಿಮ್ಮಿಸುವುದು ಆಯಿಲ್ಲನ್ನೇ. ಟರ್ಬೊ ಬೇರಿಂಗ್ ತಣಿಸುವುದೂ ಅದೇ. ಬಿಸಿ ಏರಿದಷ್ಟೂ ಆಯಿಲ್ ತೆಳ್ಳಗಾಗಿ ಪಿಸ್ಟನ್ ಸುತ್ತಲಿನ ರಿಂಗ್‌ಗಳ ಸಂದಿನಿಂದ ಮೇಲೇರಿ ಉರಿಯುತ್ತದೆ. ಇನ್ನಷ್ಟು ಆವಿಯಾಗಿ, ಇಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಹಿಡಿದು ಇನ್‌ಟೇಕ್ (ಗಾಳಿ ಒಳಬರುವ ದಾರಿ) ಸೇರುತ್ತದೆ. ಆಯಿಲ್ಲನ್ನು ಗಾಳಿಗೆ ಒಡ್ಡಿ ತಣಿಸುವ, ಪುಟ್ಟ ರೇಡಿಯೇಟರ್‌ನಂಥ ಕೂಲರ್‌ನಿಂದ ಈ ಖರ್ಚು ತಗ್ಗಬಹುದು. ಸವೆದ ರಿಂಗ್‌ಗೆ ಮಾತ್ರ ಅದು ಮದ್ದಲ್ಲ.

ಮೊದಲು ಅಳತೆ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಚೆನ್ನಾಗಿ ಬಿಸಿಯಾದ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಒರೆಸಿ, ಪೂರ್ತಿ ಒಳಗೆ ತಳ್ಳಿ, ಹೊರತೆಗೆದು ನೋಡಿ. ಎರಡು ಬದಿಯಲ್ಲಿ ಗೆರೆ ಬೇರೆ ಬೇರೆ ಕಂಡರೆ ಕೆಳಗಿನದನ್ನೇ ನಂಬಿ. ಆಯಿಲ್ಲನ್ನು ಇಂಜಿನ್ ತಳದ ತೊಟ್ಟಿಯಲ್ಲಿ (ಸಂಪ್) ಇಡದೆ ಪ್ರತ್ಯೇಕ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ಗಾಡಿಗಳ ಲೆಕ್ಕವೇ ಬೇರೆ: ಏರ್‌ಕೂಲ್ಡ್ ಪೋರ್ಷೆ 911ರಲ್ಲಿ ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರುವಾಗಲೇ ನೋಡಬೇಕು. ಆಫ್ ಮಾಡಿ ನೋಡಿ, ಕಡಿಮೆ ಇದೆಯೆಂದು ಸುರಿದವರು ಆಮೇಲೆ ಏರ್ ಫಿಲ್ಟರ್‌ನಿಂದ ಆಯಿಲ್ ಹಿಂಡಬೇಕಾಗುತ್ತದೆ.

ಮೇಲಿನ ಗುರುತಿನವರೆಗೆ ತುಂಬಿಸಿ 1000 ಕಿ.ಮೀ. ಓಡಿಸಿ. ಮತ್ತೆ ಅದೇ ಗುರುತಿಗೆ ತರಲು ಎಷ್ಟು ಬೇಕಾಯಿತೆಂಬುದನ್ನು ಕಣ್ಣಂದಾಜಿಗೆ ಬಿಡದೆ ಕ್ಯಾನನ್ನು ತಕ್ಕಡಿಯಲ್ಲಿ ತೂಗಿ. ಒಂದು ಲೀಟರ್ ಆಯಿಲ್ ಸುಮಾರು 850 ಗ್ರಾಂ. ಕ್ಯಾನ್ 170 ಗ್ರಾಂ ಹಗುರವಾಗಿದ್ದರೆ ಖರ್ಚು 0.2 ಲೀಟರ್. ಕೆಲವು ತಯಾರಕರ ಕೈಪಿಡಿಯಲ್ಲಿ 1000 ಕಿ.ಮೀ.ಗೆ 0.5 ಲೀಟರ್‌ವರೆಗೂ ಸಹಜ ಎಂದಿರುತ್ತದೆ. ಅದು ಉದಾರ ಲೆಕ್ಕ. ಅದೇ ಓಡಾಟಕ್ಕೆ 0.2 ಇದ್ದದ್ದು 0.4 ಆಯಿತೇ ಎಂಬುದು ಅದಕ್ಕಿಂತ ಹೆಚ್ಚು ಹೇಳುತ್ತದೆ. ಮಜ್ದಾ ಆರ್‌ಎಕ್ಸ್-8ರ ರೋಟರಿ ಇಂಜಿನ್ ಸೀಲ್‌ಗಳಿಗಾಗಿ ಬೇಕೆಂದೇ ಆಯಿಲ್ ಸುಡುವುದರಿಂದ ಅದನ್ನು ಈ ಸಾಲಿನಲ್ಲಿ ಸೇರಿಸಬೇಡಿ.

ಇಲ್ಲೊಂದು ಮೋಸವಿದೆ. ಬರೀ ಚಿಕ್ಕ ಓಡಾಟ ಮಾಡುವ ಗಾಡಿಯಲ್ಲಿ ಉರಿಯದ ಪೆಟ್ರೋಲ್ ಸಂಪ್‌ಗೆ ಇಳಿದು, ಕಳೆದುಹೋದ ಆಯಿಲ್ ಜಾಗ ತುಂಬುತ್ತದೆ. ಡಿಪ್‌ಸ್ಟಿಕ್ ಅಲುಗುವುದಿಲ್ಲ. ಹೈವೇಯಲ್ಲಿ ಎರಡು ಗಂಟೆ ಓಡಿಸಿದರೆ ಪೆಟ್ರೋಲ್ ಆವಿಯಾಗಿ ಮಟ್ಟ ದಿಢೀರನೆ ಕುಸಿಯುತ್ತದೆ.

ನೀಲಿ ಹೊಗೆ ಯಾವಾಗ ಬರುತ್ತದೆ ನೋಡಿ. ಇಳಿಜಾರಿನಲ್ಲಿ ಕಾಲು ತೆಗೆದು, ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಭಾರ ಎಳೆಯುವಾಗ ಬಂದರೆ ರಿಂಗ್. ಬಹಳ ಹೊತ್ತು ಐಡಲ್‌ನಲ್ಲಿ ನಿಂತ ಮೇಲೆ ಬಂದರೆ ಟರ್ಬೊವನ್ನೂ ನೋಡಿ. ಇವಕ್ಕೆಲ್ಲ ಮೊದಲು, ಇಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಬಿಡುವ ಪಿಸಿವಿ ವಾಲ್ವ್ ಪರೀಕ್ಷಿಸಿ, ಅಗ್ಗದ ಭಾಗ ಅದು.

ಕೂಲರ್ ಬೇಕೇ?

ಡ್ಯಾಶ್‌ಬೋರ್ಡಿನ ನೀರಿನ ಮುಳ್ಳು ಆಯಿಲ್ ಕಥೆ ಹೇಳುವುದಿಲ್ಲ. ಪ್ರತ್ಯೇಕ ಸೆನ್ಸರ್ ಹಾಕಿ. 90ರಿಂದ 120 ಡಿಗ್ರಿ ಸೆಲ್ಸಿಯಸ್ ಹಿತವಾದ ವಲಯ. ಟ್ರ್ಯಾಕ್‌ನಲ್ಲಿ 130 ದಾಟಿ ಅಲ್ಲೇ ನಿಂತರೆ ಕೂಲರ್ ಬೇಕು. ಬರೀ ರಸ್ತೆಯಲ್ಲಿ 100ರ ಆಸುಪಾಸು ಇರುವ ಗಾಡಿಗೆ ಹಾಕಿದರೆ ಕೆಡುಕೇ ಹೆಚ್ಚು: ಆಯಿಲ್ ತಣ್ಣಗಿದ್ದರೆ ಅದರೊಳಗಿನ ನೀರಿನ ಪಸೆ ಹೊರಹೋಗದೆ, ಫಿಲ್ಲರ್ ಮುಚ್ಚಳದ ಕೆಳಗೆ ಕೆನೆಬಣ್ಣದ ಲೋಳೆ ಕಟ್ಟುತ್ತದೆ.

ಕೂರಿಸುವ ಬಗೆ

ಆಯಿಲ್ ಫಿಲ್ಟರ್ ಮತ್ತು ಇಂಜಿನ್ ಬ್ಲಾಕ್ ನಡುವೆ, ಆಯಿಲ್ಲನ್ನು ಕೂಲರ್ ಕಡೆ ತಿರುಗಿಸುವ ಸ್ಯಾಂಡ್‌ವಿಚ್ ಪ್ಲೇಟ್ ಹಾಕಿ, ಅದರಲ್ಲಿ ಥರ್ಮೋಸ್ಟಾಟ್ (ಬಿಸಿಗೆ ತಾನೇ ತೆರೆಯುವ ವಾಲ್ವ್) ಇರಲಿ; 80 ಡಿಗ್ರಿ ಹತ್ತಿರ ತೆರೆಯುವಂಥದ್ದು ಸಾಕು. ಥರ್ಮೋಸ್ಟಾಟ್ ಇಲ್ಲದ್ದನ್ನು ಕೊಳ್ಳಲೇಬೇಡಿ. ಹೋಸ್ ಒಳವ್ಯಾಸ ಕಿರಿದಾದರೆ ಪ್ರೆಶರ್ ಬೀಳುತ್ತದೆ. ಸುಮಾರು 14 ಮಿ.ಮೀ. ಒಳದಾರಿ ಇರುವ ಡ್ಯಾಶ್-10 ಅಳತೆಯ ಹೋಸ್ ಬಳಸಿ. ಬೆಲ್ಟ್‌ಗೂ ಎಕ್ಸಾಸ್ಟ್‌ಗೂ ದೂರವಿರಲಿ. ಕೂಲರ್‌ನ ಬಾಯಿಗಳು ಮೇಲ್ಮುಖವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ರಬ್ಬರ್ ಬುಷ್ ಮೇಲೆ ಕೂರಿಸಿ, ಬಂಪರ್ ತೂತಿನಿಂದ ಕೂಲರ್ ಅಂಚಿನವರೆಗೆ ಸಂದಿಲ್ಲದಂತೆ ಡಕ್ಟ್ ಮಾಡಿ. ಸಂದು ಬಿಟ್ಟರೆ ಗಾಳಿ ಸುಲಭದ ದಾರಿ ಹಿಡಿದು ಕೂಲರ್ ಪಕ್ಕದಿಂದಲೇ ಜಾರಿಹೋಗುತ್ತದೆ.

ಇಂಜಿನ್ ಸ್ಟಾರ್ಟ್ ಆಗದಂತೆ ಫ್ಯೂಯೆಲ್ ಪಂಪ್ ಫ್ಯೂಸ್ ತೆಗೆದು, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಹತ್ತು ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ನಡುವೆ ಸ್ಟಾರ್ಟರ್‌ಗೆ ಬಿಡುವು ಕೊಡಿ. ಫ್ಯೂಸ್ ಮರಳಿ ಹಾಕಿ ಸ್ಟಾರ್ಟ್ ಮಾಡಿ, ಆಯಿಲ್ 80 ಡಿಗ್ರಿ ದಾಟಿ ಕೂಲರ್ ಮುಟ್ಟಿದರೆ ಬಿಸಿ ಅನ್ನಿಸುವವರೆಗೆ ಓಡಿಸಿ. ಆಮೇಲೆ ಮಟ್ಟ ನೋಡಿ, ಕಡಿಮೆಯಾದಷ್ಟು ಸ್ವಲ್ಪಸ್ವಲ್ಪವೇ ಸೇರಿಸಿ. ಹೆಚ್ಚಾಗಿ ಸುರಿದರೆ ಕ್ರ್ಯಾಂಕ್‌ಶಾಫ್ಟ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತದೆ, ಬೇರಿಂಗ್‌ಗೆ ಆಯಿಲ್ ಬದಲು ಗಾಳಿ ಸಿಗುತ್ತದೆ.

ಬೇರಿಂಗ್ ಹೋದ ಇಂಜಿನ್‌ನ ಹಳೆಯ ಕೂಲರನ್ನು ಹೊಸ ಇಂಜಿನ್‌ಗೆ ಹಾಕಬೇಡಿ. ಎಷ್ಟು ತೊಳೆದರೂ ಲೋಹದ ಚೂರು ಅದರ ಸಂದುಗಳಲ್ಲಿ ಉಳಿದೇ ಇರುತ್ತದೆ.