ತೋಟದಲ್ಲಿ ಸಿಕ್ಕ ಮೊಟ್ಟೆ ಯಾವ ಪ್ರಾಣಿಯದ್ದು? ಗುರುತಿಸುವ ಬಗೆ

ಕುಂಡದ ಮಣ್ಣು ಬದಲಿಸುವಾಗಲೋ ತರಗೆಲೆಯ ರಾಶಿಯನ್ನು ಸರಿಸುವಾಗಲೋ ಬಿಳಿಯ ಮೊಟ್ಟೆಗಳು ಕಂಡರೆ ಹೆಚ್ಚಿನವರ ಮನಸ್ಸಿಗೆ ಮೊದಲು ಬರುವುದು ಹಾವು. ಮನೆಯ ಕೈತೋಟದ ಮಟ್ಟಿಗೆ ಈ ಊಹೆ ಬಹಳ ಸಲ ತಪ್ಪಾಗುತ್ತದೆ. ಹಲ್ಲಿ, ಓತಿಕ್ಯಾತ, ಬಸವನಹುಳು, ಹಕ್ಕಿ, ಕೀಟ, ಇವುಗಳಲ್ಲಿ ಯಾವುದರ ಮೊಟ್ಟೆಯಾದರೂ ಅದಾಗಿರಬಹುದು, ಕೆಲವೊಮ್ಮೆ ಅದು ಮೊಟ್ಟೆಯೇ ಆಗಿರುವುದಿಲ್ಲ. ಗೊಂದಲಕ್ಕೆ ಮುಖ್ಯ ಕಾರಣ ಬಣ್ಣವನ್ನು ನಂಬುವುದು. ಹಲ್ಲಿ, ಹಾವು, ಆಮೆ, ಪಾರಿವಾಳ ಎಲ್ಲವೂ ಇಡುವುದು ಬಿಳಿ ಮೊಟ್ಟೆಯನ್ನೇ. ಆದ್ದರಿಂದ ಚಿಪ್ಪಿನ ಗುಣ ಮತ್ತು ಮೊಟ್ಟೆ ಇರುವ ಜಾಗವನ್ನು ಮೊದಲು ನೋಡಬೇಕು, ಗಾತ್ರ ಮತ್ತು ಸಂಖ್ಯೆಯನ್ನು ಆಮೇಲೆ, ಬಣ್ಣವನ್ನು ಕೊನೆಗೆ.

ನೋಡುವುದಕ್ಕೆ ಮೊಟ್ಟೆಯನ್ನು ಎತ್ತುವ ಅಗತ್ಯವಿಲ್ಲ, ಎತ್ತಲೂ ಬಾರದು. ಸರೀಸೃಪಗಳ ಮೊಟ್ಟೆಯೊಳಗಿನ ಭ್ರೂಣವು ಮೊಟ್ಟೆಯಿಟ್ಟ ಸ್ವಲ್ಪ ಸಮಯದಲ್ಲೇ ಒಳಪೊರೆಗೆ ಅಂಟಿಕೊಳ್ಳುವುದರಿಂದ, ಅನಂತರ ಮೊಟ್ಟೆಯನ್ನು ತಲೆಕೆಳಗು ಮಾಡಿದರೆ ಭ್ರೂಣ ಸಾಯುವ ಸಾಧ್ಯತೆ ಇರುತ್ತದೆ. ಅಗೆಯುವಾಗ ಗೊತ್ತಿಲ್ಲದೆ ಮೇಲೆ ಬಂದಿದ್ದರೆ, ಯಾವ ಬದಿ ಮೇಲಿತ್ತೋ ಆ ಬದಿಗೆ ಪೆನ್ಸಿಲ್‌ನಿಂದ ಸಣ್ಣ ಗುರುತು ಮಾಡಿ ಹಾಗೆಯೇ ಮರಳಿ ಇಡಬೇಕು. ಪಕ್ಕದಲ್ಲಿ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು ಮೊಬೈಲ್‌ನಲ್ಲಿ ಎರಡು ಮೂರು ಚಿತ್ರ ತೆಗೆದುಕೊಂಡರೆ ಗಾತ್ರದ ಅಂದಾಜು ಆಗುತ್ತದೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ 4 ಮಿಲಿಮೀಟರಿನ ಮೊಟ್ಟೆಯೂ 4 ಸೆಂಟಿಮೀಟರಿನ ಮೊಟ್ಟೆಯೂ ಒಂದೇ ಥರ ಕಾಣುತ್ತವೆ. ಕೈಗೆ ಕೈಗವಸು ಹಾಕಿಕೊಂಡು, ತೆಳುವಾದ ಕಡ್ಡಿಯ ತುದಿಯಿಂದ ಚಿಪ್ಪನ್ನು ಮೆಲ್ಲಗೆ ಮುಟ್ಟಿ ನೋಡಿದರೆ ಅದು ಗಟ್ಟಿಯೋ, ತೊಗಲಿನಂತೆ ಬಾಗುವುದೋ, ಲೋಳೆಯೋ ಎಂಬುದು ತಿಳಿಯುತ್ತದೆ.

ಗಟ್ಟಿ ಚಿಪ್ಪಿನ ಮೊಟ್ಟೆ ಸಾಮಾನ್ಯವಾಗಿ ಹಕ್ಕಿಯದ್ದು ಅಥವಾ ಹಲ್ಲಿಯದ್ದು. ಹಲ್ಲಿಯ ಮೊಟ್ಟೆ ಹೆಚ್ಚುಕಡಿಮೆ ದುಂಡಗೆ, ಸುಮಾರು 1 ಸೆಂಟಿಮೀಟರ್ ಅಥವಾ ಅದಕ್ಕಿಂತ ಚಿಕ್ಕದಾಗಿ, ಅಚ್ಚ ಬಿಳಿಯಾಗಿರುತ್ತದೆ. ಒತ್ತಿದರೆ ಬಾಗದೆ ಪುಡಿಯಾಗುತ್ತದೆ. ಒಂದು ಹಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮೊಟ್ಟೆ ಇಡುತ್ತದೆ. ಆದರೆ ಹಲವು ಹಲ್ಲಿಗಳು ಒಂದೇ ಸಂದಿಯನ್ನು ಆರಿಸಿಕೊಳ್ಳುವುದುಂಟು, ಹಾಗಾಗಿ ಕುಂಡದ ಹಿಂದೆ ಅಥವಾ ಹಲಗೆಗಳ ನಡುವೆ ಹತ್ತಾರು ಮೊಟ್ಟೆ ಒಟ್ಟಿಗೆ ಸಿಕ್ಕರೂ ಅದನ್ನು ಹಾವಿನ ಗೂಡೆಂದು ಭಾವಿಸಬೇಕಾಗಿಲ್ಲ. ಹಕ್ಕಿಯ ಮೊಟ್ಟೆಯ ಒಂದು ತುದಿ ಬಹುಮಟ್ಟಿಗೆ ಇನ್ನೊಂದಕ್ಕಿಂತ ಚೂಪಾಗಿರುತ್ತದೆ. ಕುಂಡದಲ್ಲಿ ನಾಲ್ಕಾರು ಕಡ್ಡಿಗಳ ಮೇಲೆ 2 ಬಿಳಿ ಮೊಟ್ಟೆಗಳಿದ್ದರೆ ಅವು ಪಾರಿವಾಳದ ಅಥವಾ ಬೆಳವನ ಹಕ್ಕಿಯದ್ದಿರಬಹುದು. ಬಯಲು ನೆಲದ ಮೇಲೆ ಗೂಡೇ ಇಲ್ಲದೆ, ಕಪ್ಪು ಮಚ್ಚೆಗಳ 4 ಮೊಟ್ಟೆಗಳು ಚೂಪು ತುದಿಯನ್ನು ಒಳಮುಖ ಮಾಡಿಕೊಂಡಿದ್ದರೆ ಟಿಟ್ಟಿಭದ್ದೆಂದು ಊಹಿಸಬಹುದು. ಹುಲ್ಲಿನ ಮೇಲೆ ಒಂಟಿಯಾಗಿ ಬಿದ್ದ ಒಡೆದ ಮೊಟ್ಟೆಯಿಂದ ಗೂಡು ಎಲ್ಲಿದೆ ಎಂಬುದು ತಿಳಿಯುವುದಿಲ್ಲ, ಏಕೆಂದರೆ ಅದನ್ನು ಬೇರೆ ಪ್ರಾಣಿ ಕದ್ದು ತಂದಿರಲೂಬಹುದು.

ತೊಗಲಿನಂತೆ ಬಾಗುವ ಚಿಪ್ಪು ಕಂಡಾಗ ಎಚ್ಚರ ಹೆಚ್ಚಬೇಕು, ಏಕೆಂದರೆ ಓತಿಕ್ಯಾತ, ಕೆಲವು ಹಾವುರಾಣಿಗಳು ಮತ್ತು ಮೊಟ್ಟೆಯಿಡುವ ಹಾವುಗಳು ಈ ಗುಂಪಿಗೇ ಸೇರುತ್ತವೆ. ಇಲ್ಲಿ ಗಾತ್ರವೇ ಹೆಚ್ಚು ನೆರವಾಗುತ್ತದೆ. ಓತಿಕ್ಯಾತವು ಸಡಿಲವಾದ ಮಣ್ಣಿನಲ್ಲಿ ಸಣ್ಣ ಗುಂಡಿ ತೋಡಿ, 1 ಸೆಂಟಿಮೀಟರಿಗಿಂತ ತುಸು ಉದ್ದದ ಮೊಟ್ಟೆಗಳನ್ನು ಇಟ್ಟು ಮೇಲೆ ಮಣ್ಣು ಮುಚ್ಚಿ ಹೋಗುತ್ತದೆ, ಅವು ಬಿಡಿಬಿಡಿಯಾಗಿರುತ್ತವೆ. ಹಾವಿನ ಮೊಟ್ಟೆ ಸಾಮಾನ್ಯವಾಗಿ ಅದಕ್ಕಿಂತ ಸ್ಪಷ್ಟವಾಗಿ ದೊಡ್ಡದು, ಹಲವು ಜಾತಿಗಳಲ್ಲಿ 2.5 ಸೆಂಟಿಮೀಟರಿಗೂ ಹೆಚ್ಚು ಉದ್ದ, ಮತ್ತು ಅನೇಕ ಸಲ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿರುತ್ತದೆ. ಗೊಬ್ಬರದ ಗುಂಡಿ, ಕೊಳೆಯುತ್ತಿರುವ ಎಲೆಯ ರಾಶಿ, ಇಲಿಯ ಬಿಲದಂತಹ ಬೆಚ್ಚಗಿನ, ತೇವವಾದ ಜಾಗ ಹಾವಿಗೆ ಇಷ್ಟ. ಹೆಚ್ಚಿನ ಹಾವುಗಳು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ, ಆದರೆ ನಾಗರಹಾವಿನಂತಹ ಕೆಲವು ಕಾವಲಿರುತ್ತವೆ. ಈ ಒಂದೇ ಕಾರಣಕ್ಕೆ ದೊಡ್ಡ ತೊಗಲು ಮೊಟ್ಟೆಗಳ ಗೊಂಚಲು ಕಂಡಕೂಡಲೇ ಹಿಂದೆ ಸರಿಯುವುದು ಜಾಣತನ. ಮೊಟ್ಟೆಯ ಹೊರನೋಟದಿಂದ ಹಾವು ವಿಷದ್ದೋ ಅಲ್ಲವೋ ಎಂದು ಹೇಳಲಾಗದು. ವಿಷದ ಹಾವಿನ ಮರಿಗೆ ಹುಟ್ಟುವಾಗಲೇ ವಿಷವಿರುತ್ತದೆ.

ಮಣ್ಣಿನೊಳಗೆ 3ರಿಂದ 6 ಮಿಲಿಮೀಟರಿನ ದುಂಡನೆಯ ಮೊಟ್ಟೆಗಳು ಮುತ್ತಿನ ರಾಶಿಯಂತೆ ಸಿಕ್ಕರೆ ಅದು ಬಸವನಹುಳುವಿನದ್ದೆಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. ಆಫ್ರಿಕದ ದೈತ್ಯ ಬಸವನಹುಳು ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆಯಿಡಬಲ್ಲದು. ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಗಳು ಇನ್ನೂ ಮೆದುವಾಗಿ, ಬೆಳಕು ಹಾಯುವಷ್ಟು ತಿಳಿಯಾಗಿರುತ್ತವೆ. ತೋಟದಲ್ಲಿ ಕೊಳವಿದ್ದರೆ, ನೀರಿನಲ್ಲಿ ಲೋಳೆಯ ಮುದ್ದೆ ಕಪ್ಪೆಯದ್ದು, ಉದ್ದನೆಯ ಲೋಳೆಯ ಸರ ನೆಲಗಪ್ಪೆಯದ್ದು. ನೀರಿನ ಮೇಲಿನ ಕೊಂಬೆಗೆ ಅಂಟಿದ ನೊರೆಯ ಉಂಡೆ ಕೆಲವು ಮರಗಪ್ಪೆಗಳ ಗೂಡು.

ಮೊಟ್ಟೆಯಲ್ಲದ ‘ಮೊಟ್ಟೆ’ಗಳ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಎಲ್ಲರನ್ನೂ ಏಮಾರಿಸುವುದು ಇವೇ. ದುರ್ವಾಸನೆ ಬೀರುವ ಒಂದು ಗುಂಪಿನ ಅಣಬೆಗಳು ಅರಳುವ ಮುನ್ನ ಅರ್ಧ ಮಣ್ಣಿನಲ್ಲಿ ಹುದುಗಿದ ಬಿಳಿ ಮೊಟ್ಟೆಯಂತೆಯೇ ಇರುತ್ತವೆ, ಮುಟ್ಟಿದರೆ ತೊಗಲು ಚಿಪ್ಪಿನಂತೆ ಮೆತ್ತಗೂ ಇರುತ್ತವೆ. ಬುಡದಲ್ಲಿ ಬೇರಿನಂತಹ ಬಿಳಿ ದಾರವೊಂದು ಮಣ್ಣಿಗಿಳಿದಿದ್ದರೆ ಅದು ಅಣಬೆ. ಯಾವ ಪ್ರಾಣಿಯ ಮೊಟ್ಟೆಗೂ ಅಂತಹ ಬೇರಿರುವುದಿಲ್ಲ. ಖಚಿತವಾದ ಮೇಲೆ ಕತ್ತರಿಸಿ ನೋಡಿದರೆ ಒಳಗೆ ಲೋಳೆಯ ಪದರವೂ ನಡುವೆ ಮಡಿಚಿಕೊಂಡ ಕಾಂಡವೂ ಕಾಣುತ್ತವೆ. ಖರೀದಿಸಿದ ಗಿಡಗಳ ಕುಂಡದಲ್ಲಿ ಸಿಗುವ ಹಳದಿ ಅಥವಾ ಕಂದು ಗುಂಡುಗಳು ಬಹುತೇಕ ನಿಧಾನವಾಗಿ ಕರಗುವ ಗೊಬ್ಬರ. ಹಿಸುಕಿದರೆ ನೀರು ಬಂದು ತೆಳುವಾದ ಪ್ಲಾಸ್ಟಿಕ್‌ನಂತಹ ಸಿಪ್ಪೆ ಉಳಿಯುತ್ತದೆ. ಇರುವೆಗಳು ಹೊತ್ತು ಓಡುವ ದೊಡ್ಡ ಬಿಳಿ ಕಾಳುಗಳು ಅವುಗಳ ಮೊಟ್ಟೆಗಳಲ್ಲ, ಮರಿಹುಳುಗಳು ಮತ್ತು ಕೋಶಗಳು. ಕಂಬಳಿಹುಳುವಿನ ಮೈಮೇಲೆ ನೆಟ್ಟಗೆ ನಿಂತ ಬಿಳಿ ಕಾಳುಗಳೂ ಪರಾವಲಂಬಿ ಕಣಜದ ಕೋಶಗಳೇ. ಆ ಹುಳುವನ್ನು ಹಾಗೆಯೇ ಬಿಟ್ಟರೆ ಹೊರಬರುವ ಕಣಜಗಳು ಇನ್ನಷ್ಟು ಕಂಬಳಿಹುಳುಗಳನ್ನು ಕೊಲ್ಲುತ್ತವೆ.

ಎಲೆಯ ಮೇಲಿನ ಮೊಟ್ಟೆ ಬಹುತೇಕ ಕೀಟದ್ದು. ಸಸ್ಯಹೇನುಗಳ ಪಕ್ಕದಲ್ಲಿ ನೆಟ್ಟಗೆ ನಿಂತ ಹಳದಿ ಮೊಟ್ಟೆಗಳ ಗುಂಪು ಗುಲಗಂಜಿ ಹುಳುವಿನದ್ದು, ಮುಚ್ಚಳವಿರುವ ಪುಟ್ಟ ಪೀಪಾಯಿಗಳಂತೆ ಒತ್ತಾಗಿ ಜೋಡಿಸಿರುವವು ತಿಗಣೆಯ ಜಾತಿಯವು. ಕಡ್ಡಿಗೆ ಅಂಟಿದ ಗಟ್ಟಿಯಾದ ಕಂದು ನೊರೆಯ ಉಂಡೆ ಮ್ಯಾಂಟಿಸ್ ಕೀಟದ್ದು.

ಮರಿ ಹೊರಬಂದ ಮೇಲೆ ಉಳಿದ ಚಿಪ್ಪೂ ಗುರುತು ಕೊಡುತ್ತದೆ: ತೊಗಲು ಚಿಪ್ಪಿನಲ್ಲಿ ಬ್ಲೇಡಿನಿಂದ ಸೀಳಿದಂತಹ ಗೀರುಗಳಿರುತ್ತವೆ, ಹಕ್ಕಿಯ ಚಿಪ್ಪು ಸಾಮಾನ್ಯವಾಗಿ ಮೊಂಡು ತುದಿಯ ಸುತ್ತ ಒಡೆದಿರುತ್ತದೆ.

ಗುರುತು ಸಿಕ್ಕ ಮೇಲೆ ಮಾಡಬೇಕಾದದ್ದು ಕಡಿಮೆ. ಹಲ್ಲಿಯ ಮೊಟ್ಟೆಯನ್ನು ಇದ್ದಲ್ಲೇ ಬಿಟ್ಟು, ಓತಿಕ್ಯಾತದ ಮೊಟ್ಟೆಗೆ ಮಣ್ಣು ಮುಚ್ಚಿದರೆ ಸಾಕು. ಹಕ್ಕಿಯ ಮೊಟ್ಟೆ ತಣ್ಣಗಿದೆ ಎಂದು ತಾಯಿ ಬಿಟ್ಟುಹೋಗಿದೆ ಎನ್ನಬಾರದು. ಅನೇಕ ಹಕ್ಕಿಗಳು ಎಲ್ಲ ಮೊಟ್ಟೆಗಳನ್ನು ಇಟ್ಟು ಮುಗಿಸಿದ ಮೇಲೆ ಅಥವಾ ಮುಗಿಯುವ ಹೊತ್ತಿಗೆ ಕಾವು ಕೊಡಲು ಆರಂಭಿಸುತ್ತವೆ. ಅವುಗಳನ್ನು ತೆಗೆಯುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧವೂ ಹೌದು. ಹಾವಿನದ್ದೆಂಬ ಅನುಮಾನ ಬಲವಾಗಿದ್ದು ಮಕ್ಕಳು ಓಡಾಡುವ ಜಾಗವಾಗಿದ್ದರೆ, ಅರಣ್ಯ ಇಲಾಖೆಗೋ ತರಬೇತಿ ಪಡೆದ ಹಾವು ರಕ್ಷಕರಿಗೋ ಚಿತ್ರ ಕಳುಹಿಸಿ, ಅವರು ಬರುವವರೆಗೆ ಆ ಮೂಲೆಗೆ ಯಾರೂ ಹೋಗದಂತೆ ನೋಡಿಕೊಳ್ಳಬೇಕು. ಗಿಡಗಳನ್ನು ತಿಂದುಹಾಕುವ ಬಸವನಹುಳುವಿನ ಮೊಟ್ಟೆಗಳನ್ನು ಮಾತ್ರ ತೆಗೆಯುವುದೇ ಒಳ್ಳೆಯದು: ಬರಿಗೈಯಲ್ಲಿ ಮುಟ್ಟದೆ ಮಣ್ಣಿನ ಸಮೇತ ಬಕೆಟ್ಟಿಗೆ ಹಾಕಿ ಕುದಿಯುವ ನೀರು ಸುರಿದು, ಅಕ್ಕಪಕ್ಕದ ಕುಂಡಗಳ ಮಣ್ಣನ್ನೂ ಕೆದಕಿ ನೋಡಿ, ಕೊನೆಗೆ ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಬೇಕು.