ಕೋಹೌಸಿಂಗ್‌ಗೆ ಜಾಗ ಹಿಡಿಯೋದು ಹೇಗೆ: ಕೊಳ್ಳೋ ಮೊದಲು ಕೈಯಲ್ಲಿ ಹಿಡ್ಕೊಳ್ಳಿ

ಹತ್ತಿಪ್ಪತ್ತು ಕುಟುಂಬ ಸೇರಿ ಒಂದೇ ಕಡೆ ಮನೆ ಕಟ್ಕೊಳ್ಳೋಣ, ಪ್ರತಿಯೊಬ್ರಿಗೂ ಅವರದೇ ಅಡುಗೆಮನೆ ಅವರದೇ ಬಾಗಿಲು ಇರಲಿ, ಮಧ್ಯದಲ್ಲಿ ಎಲ್ಲರೂ ಕೂತು ಊಟ ಮಾಡೋಕೆ ಒಂದು ಕಾಮನ್ ಹೌಸ್ ಇರಲಿ, ಅಂದ್ರೆ ಕೋಹೌಸಿಂಗ್ ಮಾಡೋಣ ಅಂತ ಮಾತು ಶುರುವಾದ್ರೆ ಸಾಕು, ಮುಂದಿನ ಭಾನುವಾರವೇ ಎಲ್ಲರೂ ಜಾಗ ನೋಡೋಕೆ ಹೊರಡ್ತಾರೆ. ಚೆಂದದ ಜಾಗ ಕಂಡ್ರೆ ಯಾರೋ ಒಬ್ರು ಅಡ್ವಾನ್ಸ್ ಕೊಟ್ಟೂ ಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಒಳ್ಳೆ ಮನಸ್ಸಿನ ಗುಂಪುಗಳು ಮುರಿಯೋದನ್ನ ನಾನು ನೋಡಿರೋದು ಈ ಹಂತದಲ್ಲೇ.

ಮೊದಲು ಜನ ಮತ್ತು ದುಡ್ಡು. "ನಮಗೂ ಇಂಟರೆಸ್ಟ್ ಇದೆ" ಅನ್ನೋರು ಐವತ್ತು ಜನ ಸಿಗ್ತಾರೆ, ಒಂದು ಮೊತ್ತ ಹಾಕಿ ಅಂದಾಗ ಎಷ್ಟು ಮನೆ ಉಳಿಯತ್ತೋ ಅದೇ ನಿಮ್ಮ ನಿಜವಾದ ಗುಂಪು. ಈ ಆರಂಭದ ದುಡ್ಡು ಹೋದ್ರೆ ಹೋಗತ್ತೆ ಅಂತ ಎಲ್ಲರಿಗೂ ಮೊದಲೇ ಬಾಯಿಬಿಟ್ಟು ಹೇಳ್ಬೇಕು, ಅದು ಹೋದ್ರೆ ಬದುಕೇ ಅಲ್ಲಾಡತ್ತೆ ಅನ್ನೋರ ಹತ್ರ ತಗೋಬಾರದು, ಮಧ್ಯದಲ್ಲಿ ಬಿಟ್ಟು ಹೋಗೋರಿಗೆ ಯಾವಾಗ ಎಷ್ಟು ವಾಪಸ್ ಅನ್ನೋದನ್ನ ಬರೆದು ಸಹಿ ಹಾಕಿಸ್ಬೇಕು. ಸ್ನೇಹದಲ್ಲಿ ಇದನ್ನೆಲ್ಲ ಬರೆಯೋದು ಸ್ವಲ್ಪ ಮುಜುಗರ, ನಿಜ, ಆದ್ರೆ ಬರೆದಿಟ್ಟ ಕಡೆ ಸ್ನೇಹ ಉಳಿದಿರೋದನ್ನೇ ನಾನು ಕಂಡಿದ್ದೀನಿ.

ಜಾಗ ಯಾವತ್ತೂ ಒಬ್ಬರ ಹೆಸರಲ್ಲಿ ಬೇಡ, ಆ ಮನುಷ್ಯ ಎಷ್ಟೇ ನಂಬಿಕಸ್ಥ ಆಗಿದ್ರೂ ಬೇಡ. ಅವರು ತೀರಿಕೊಂಡ್ರೆ, ಡೈವೋರ್ಸ್ ಆದ್ರೆ, ಸಾಲದಲ್ಲಿ ಸಿಕ್ಕಿಹಾಕಿಕೊಂಡ್ರೆ ಎಲ್ಲರ ಜಾಗವೂ ಅದರ ಜೊತೆಗೇ ಸಿಕ್ಕಿಹಾಕಿಕೊಳ್ಳತ್ತೆ. ನಿಮ್ಮಲ್ಲಿ ಕಾನೂನು ಒಪ್ಪೋ ಸಹಕಾರ ಸಂಘವೋ ಕಂಪನಿಯೋ ಏನಾದ್ರೂ ಒಂದನ್ನ ಮೊದಲೇ ಮಾಡ್ಕೊಳ್ಳಿ, ಸಹಿ ಅದರ ಹೆಸರಲ್ಲಿ ಬೀಳಲಿ. ಜಾಗ ಹುಡುಕೋಕೆ ಮೂರ್ನಾಲ್ಕು ಜನರ ಸಣ್ಣ ಟೀಮ್ ಸಾಕು, ಇಷ್ಟು ರೇಟಿನವರೆಗೆ ನೀವೇ ಮಾತಾಡಿ ಮುಗಿಸಬಹುದು ಅಂತ ಅವರಿಗೆ ಅಧಿಕಾರ ಕೊಟ್ಟಿರ್ಬೇಕು, ಯಾಕಂದ್ರೆ ನೀವು ಇಪ್ಪತ್ತು ಮನೆಯವರು ಮೂರು ಮೀಟಿಂಗ್ ಮಾಡಿ ಒಪ್ಪೋವರೆಗೆ ಮಾರೋರು ಕಾಯೋದಿಲ್ಲ.

ಎಷ್ಟು ಜಾಗ ಬೇಕು ಅಂತ ಎಲ್ಲರೂ ಕೇಳ್ತಾರೆ. ಅಮೆರಿಕದಲ್ಲಿ ಹೊಸದಾಗಿ ಕಟ್ಟಿದ ಮೊದಲ ಕೋಹೌಸಿಂಗ್ ಅಂದ್ರೆ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರೋ ಮ್ಯೂರ್ ಕಾಮನ್ಸ್, 1991ರಲ್ಲಿ ಆಗಿದ್ದು, ಅಲ್ಲಿ 26 ಮನೆಗಳು ಹೆಚ್ಚುಕಮ್ಮಿ 3 ಎಕರೆಯೊಳಗೇ ಇವೆ. ಕಾರುಗಳನ್ನ ಅಂಚಿಗೆ ತಳ್ಳಿ ಮನೆಗಳನ್ನ ಹತ್ತಿರ ಹತ್ತಿರ ಇಟ್ರೆ ಮಧ್ಯದಲ್ಲಿ ಬೇಕಾದಷ್ಟು ಬಯಲು ಉಳಿಯತ್ತೆ, ಹಾಗಾಗಿ ವಿಸ್ತಾರದ ಆಸೆಗೆ ಊರಾಚೆ ಹೋಗ್ಬೇಡಿ, ಸ್ಕೂಲು ಆಸ್ಪತ್ರೆ ಬಸ್ಸು ಹತ್ತಿರ ಇರೋದು ವಯಸ್ಸಾದವರಿಗೂ ಮಕ್ಕಳಿಗೂ ಜಾಸ್ತಿ ಮುಖ್ಯ.

ರೇಟು ಎಷ್ಟು ಕೊಡಬಹುದು ಅನ್ನೋದನ್ನ ಹಿಂದಿನಿಂದ ಲೆಕ್ಕ ಹಾಕಿ. ಕಟ್ಟಿ ಮುಗಿದ ಒಂದು ಮನೆಗೆ ನಿಮ್ಮವರ ಕೈಲಿ ಎಷ್ಟು ಕೊಡೋಕಾಗತ್ತೆ, ಅದನ್ನ ಮನೆಗಳ ಸಂಖ್ಯೆಯಿಂದ ಗುಣಿಸಿ, ಅದ್ರಲ್ಲಿ ಕಟ್ಟೋ ಖರ್ಚು, ಕಾಮನ್ ಹೌಸು, ರಸ್ತೆ, ನೀರು, ಚರಂಡಿ, ಆರ್ಕಿಟೆಕ್ಟ್ ಲಾಯರ್ ಫೀಸು, ಸಾಲದ ಬಡ್ಡಿ, ಅನಿರೀಕ್ಷಿತ ಖರ್ಚಿಗೆ ಅಂತ ಒಂದಿಷ್ಟು, ಎಲ್ಲಾ ಕಳೀರಿ. ಕೊನೆಗೆ ಉಳಿಯೋದೇ ಜಾಗಕ್ಕೆ ನೀವು ಕೊಡಬಹುದಾದ ದುಡ್ಡು. ಮಾರೋರು ಕೇಳೋ ರೇಟು ಅದಕ್ಕಿಂತ ಜಾಸ್ತಿ ಇದ್ರೆ ಆ ಜಾಗ ನಿಮ್ಮದಲ್ಲ, ಮನಸ್ಸು ಗಟ್ಟಿ ಮಾಡ್ಕೊಂಡು ಮುಂದೆ ಹೋಗಿ.

ಈಗ ಮುಖ್ಯವಾದ ವಿಷಯ, ಆಪ್ಷನ್ ಅಗ್ರಿಮೆಂಟ್. ಒಂದು ಸಣ್ಣ ಮೊತ್ತ ಕೊಟ್ಟು, ಇಂತಿಷ್ಟು ತಿಂಗಳೊಳಗೆ ಇದೇ ರೇಟಿಗೆ ನಾವು ಕೊಳ್ಳಬಹುದು, ಅಲ್ಲೀವರೆಗೆ ನೀವು ಬೇರೆಯವರಿಗೆ ಮಾರೋ ಹಾಗಿಲ್ಲ, ಕೊಳ್ಳಲೇಬೇಕು ಅಂತ ನಮಗೆ ಬಲವಂತ ಇಲ್ಲ ಅಂತ ಬರೆಸ್ಕೊಳ್ಳೋದು. ಅಂದ್ರೆ ನೀವು ಕೊಳ್ತಾ ಇರೋದು ಟೈಮನ್ನ. ಬಿಟ್ಟು ಹೋದ್ರೆ ಆ ಸಣ್ಣ ಮೊತ್ತ ಹೋಗತ್ತೆ, ಇಡೀ ಗುಂಪಿನ ಉಳಿತಾಯ ಹೋಗಲ್ಲ. ಅದರಲ್ಲಿ ನಾಲ್ಕು ಮಾತು ಇರಲೇಬೇಕು: ಕೊಟ್ಟ ಮೊತ್ತ ಆಮೇಲೆ ಕ್ರಯದಲ್ಲಿ ವಜಾ ಆಗ್ಬೇಕು, ಇನ್ನಷ್ಟು ಕೊಟ್ಟು ಅವಧಿ ಮುಂದುವರಿಸೋಕೆ ಅವಕಾಶ ಇರ್ಬೇಕು, ಮಣ್ಣು ಪರೀಕ್ಷೆ ಸರ್ವೆ ಅಂತ ಒಳಗೆ ಹೋಗೋ ಹಕ್ಕು ಇರ್ಬೇಕು, ಸಂಘ ಇನ್ನೂ ನೋಂದಣಿ ಆಗಿಲ್ಲ ಅಂದ್ರೆ ಅದಕ್ಕೆ ವರ್ಗಾಯಿಸೋ ಹಕ್ಕು ಇರ್ಬೇಕು. ಮಾರೋರು ಆಪ್ಷನ್‌ಗೆ ಒಪ್ಪದಿದ್ರೆ ಷರತ್ತಿನ ಅಗ್ರಿಮೆಂಟ್ ಕೇಳಿ, ಅಂದ್ರೆ ಪ್ಲಾನ್ ಅನುಮತಿ ಸಿಕ್ಕಿದ್ರೆ ಮಾತ್ರ ಕ್ರಯ. "ಮಾರೋವಾಗ ಮೊದಲು ನಿಮ್ಮನ್ನೇ ಕೇಳ್ತೀವಿ" ಅನ್ನೋ ಮಾತನ್ನ ಬರೆದು ಕೊಟ್ರೂ ಅದೊಂದನ್ನೇ ನೆಚ್ಕೋಬೇಡಿ, ಅದರಲ್ಲಿ ರೇಟೂ ಇಲ್ಲ ದಿನಾಂಕವೂ ಇಲ್ಲ. ಒಂದೊಂದು ದೇಶದ ಕಾನೂನು ಒಂದೊಂದು ಥರ, ಹಾಗಾಗಿ ಈ ಪತ್ರವನ್ನ ನಿಮ್ಮದೇ ಲಾಯರ್ ಬರೀಲಿ, ಮಾರೋರ ಲಾಯರ್ ಬೇಡ.

ಆ ತಿಂಗಳುಗಳಲ್ಲಿ ಸುಮ್ನೆ ಕೂರೋ ಹಾಗಿಲ್ಲ. ಟೈಟಲ್ ಯಾರದು, ಮೇಲೆ ಸಾಲ ಇದೆಯಾ, ಬೇರೆಯವರು ಓಡಾಡೋ ಹಕ್ಕಿದೆಯಾ, ನೀವು ಒಳಗೆ ಬರ್ತಿರೋ ದಾರಿ ಕಾಗದದಲ್ಲೂ ದಾರಿಯೇನಾ ಅಂತ ನೋಡಿ. ನಾವು ಒಮ್ಮೆ ತುಂಬಾ ಇಷ್ಟಪಟ್ಟ ಜಾಗಕ್ಕೆ ದಶಕಗಳಿಂದ ಜನ ಬಳಸ್ತಿದ್ದ ದಾರಿ ಪಕ್ಕದವರ ಸ್ವಂತದ್ದು ಅಂತ ಸರ್ವೆಯಲ್ಲಿ ಗೊತ್ತಾಯ್ತು, ಬಿಟ್ವಿ, ಇವತ್ತಿಗೂ ಆ ಮರಗಳು ನೆನಪಾಗತ್ತೆ. ಜೋರು ಮಳೆ ಬಂದ ಮಾರನೇ ದಿನ ಹೋಗಿ ನೀರು ಎಲ್ಲಿ ನಿಲ್ಲತ್ತೆ ಅಂತ ನೋಡಿ. ಹಿಂದೆ ಅಲ್ಲಿ ಏನಿತ್ತು ಕೇಳಿ, ಫ್ಯಾಕ್ಟರಿಯೋ ಪೆಟ್ರೋಲ್ ಬಂಕೋ ಇದ್ದಿದ್ರೆ ಮಣ್ಣು ಕೆಟ್ಟಿರಬಹುದು. ಅಷ್ಟು ಮನೆ ಒಟ್ಟಿಗೆ ಕಟ್ಟೋಕೆ, ಜೊತೆಗೆ ಕಾಮನ್ ಹೌಸ್ ಕಟ್ಟೋಕೆ, ಅಲ್ಲಿನ ಝೋನಿಂಗ್, ಅಂದ್ರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ, ಬಿಡತ್ತಾ ಅಂತ ಪ್ಲಾನಿಂಗ್ ಆಫೀಸಲ್ಲಿ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ.

ಅಕ್ಕಪಕ್ಕದವರ ಮನೆಗೆ ಮೊದಲೇ ಹೋಗಿ ಬನ್ನಿ. ಡೆನ್ಮಾರ್ಕ್‌ನ ಆರ್ಕಿಟೆಕ್ಟ್ ಯಾನ್ ಗುಡ್ಮಂಡ್-ಹಾಯರ್ ಮತ್ತು ಗೆಳೆಯರು 1964ರಲ್ಲಿ ಈ ಯೋಚನೆ ಶುರುಮಾಡಿ ಹಾರೆಸ್ಕೋವ್ ಅನ್ನೋ ಕಡೆ ಜಾಗ ಕೊಂಡೇ ಬಿಟ್ರು, ಮಕ್ಕಳ ಗಲಾಟೆ ಜಾಸ್ತಿ ಆಗತ್ತೆ ಅಂತ ನೆರೆಯವರು ಅಡ್ಡ ನಿಂತ್ರು, ಕೊನೆಗೆ ಜಾಗ ಮಾರಬೇಕಾಯ್ತು. ಡೆನ್ಮಾರ್ಕ್‌ನ ಮೊದಲ ಕೋಹೌಸಿಂಗ್ ಸಮುದಾಯ ಸೆಟ್ಟೆದಾಮೆನ್ ತಯಾರಾಗಿದ್ದು 1972ರಲ್ಲಿ, ಗುಡ್ಮಂಡ್-ಹಾಯರ್ ಅವರದೇ ಸ್ಕ್ರೋಪ್ಲಾನೆಟ್ ಅದರ ಮರುವರ್ಷ. ಎಂಟೊಂಬತ್ತು ವರ್ಷ! ನಕ್ಷೆ ಇನ್ನೂ ಪೆನ್ಸಿಲ್‌ನಲ್ಲಿ ಇರೋವಾಗಲೇ ನೆರೆಯವರ ಜೊತೆ ಕೂತು, ಕಾರು ಎಲ್ಲಿ ನಿಲ್ಲತ್ತೆ, ಎಷ್ಟು ಎತ್ತರ ಕಟ್ತೀವಿ ಅಂತ ಹೇಳಿ, ಅವರ ಮಾತೂ ಕೇಳಿ.

ಕ್ರಯಕ್ಕೆ ದುಡ್ಡು ಸಾಲದಿದ್ರೆ ದಾರಿಗಳಿವೆ. ಮಾರೋರೇ ಕಂತಲ್ಲಿ ತಗೋಬಹುದು, ಜಾಗವನ್ನ ಎರಡು ಹಂತದಲ್ಲಿ ಕೊಳ್ಳಬಹುದು, ನಂಬಿಕೆಯ ಬಿಲ್ಡರ್ ಜೊತೆ ಪಾಲುದಾರಿಕೆ ಮಾಡಬಹುದು, ಆದ್ರೆ ಆವಾಗ ನಕ್ಷೆ ಮೇಲೆ ಕೊನೆಯ ಮಾತು ಯಾರದು ಅಂತ ಮೊದಲೇ ಬರೆಸಿ. ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ ಅನ್ನೋ ಪದ್ಧತಿನೂ ಇದೆ, 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ರೈತರಿಗಾಗಿ ನ್ಯೂ ಕಮ್ಯುನಿಟೀಸ್ ಅಂತ ಶುರುವಾಗಿದ್ದು. ನೆಲ ಟ್ರಸ್ಟ್‌ದು, ಮನೆ ನಿಮ್ಮದು, ನೆಲಕ್ಕೆ ದೀರ್ಘಾವಧಿ ಲೀಸ್. ಮನೆ ಬೆಲೆ ತಲೆಮಾರುಗಳವರೆಗೆ ಕೈಗೆಟುಕೋ ಹಾಗೆ ಇರಲಿ ಅನ್ನೋರಿಗೆ ನನ್ನ ಮಟ್ಟಿಗೆ ಇದೇ ಚೆನ್ನಾಗಿರೋದು, ಆದ್ರೆ ಲೀಸ್ ಜಾಗದ ಮೇಲೆ ಗೃಹಸಾಲ ಕೊಡ್ತಾರಾ ಅಂತ ಬ್ಯಾಂಕಲ್ಲಿ ಮೊದಲು ಕೇಳ್ಕೊಳ್ಳಿ.

ಆಪ್ಷನ್ ಮುಗಿಯೋ ದಿನಾಂಕವನ್ನ ಎಲ್ಲರ ಕ್ಯಾಲೆಂಡರಲ್ಲೂ ಹಾಕಿ, ಅದಕ್ಕೆ ಒಂದು ತಿಂಗಳು ಮುಂಚೆ ಎಲ್ಲಾ ರಿಪೋರ್ಟ್ ಮೇಜಿನ ಮೇಲಿಟ್ಟು ಕೂತು, ಕೊಳ್ಳೋಣವಾ, ಮುಂದುವರಿಸೋಣವಾ, ಬಿಡೋಣವಾ ಅಂತ ತೀರ್ಮಾನ ಮಾಡಿ, ಅವತ್ತೇ ಲಾಯರ್‌ಗೆ ತಿಳಿಸಿ ಮಾರೋರಿಗೆ ಬರವಣಿಗೆಯಲ್ಲಿ ನೋಟಿಸ್ ಕಳಿಸಿ.