ತಲೆಗೆ ಮಿಂದ ಮೇಲೆ ಕೂದಲನ್ನು ಅದರ ಪಾಡಿಗೆ ಬಿಡಿ

ಕಾರವಾರದಲ್ಲಿರುವ ನನ್ನ ತಮ್ಮನ ಮಗಳು ಮದುವೆಗೆ ಮೊದಲು ಪಾರ್ಲರಿಗೆ ಹೋಗಿ ಕೂದಲು ನೇರ ಮಾಡಿಸಿಕೊಂಡಳು. ಹುಟ್ಟಿನಿಂದ ಬಂದ ಗುಂಗುರು ಕೂದಲು ಅವಳದ್ದು. ಆರು ತಿಂಗಳು ಕಳೆಯುವಷ್ಟರಲ್ಲಿ ಬುಡದಲ್ಲಿ ಗುಂಗುರು, ಕೆಳಗೆಲ್ಲ ಹಿಡಿಕಡ್ಡಿಯ ಹಾಗೆ ನೇರ. ಶಿರಸಿಗೆ ಬಂದವಳು ನಮ್ಮ ಜಗಲಿಯಲ್ಲಿ ಕೂತು, "ಅತ್ತೆ, ಯನ್ನ ಗುಂಗುರು ಕೂದ್ಲೇ ಚೊಲೋ ಇತ್ತು. ಈಗ ಎಂತ ಮಾಡವು?" ಎಂದು ಕೇಳಿದಳು. ಕಣ್ಣು ತುಂಬಿಕೊಂಡಿತ್ತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಕಹಿ ಮಾತು. ಔಷಧಿ ಹಾಕಿ ಕಾಯಂ ನೇರ ಮಾಡಿಸಿದ ಕೂದಲು ಯಾವ ಎಣ್ಣೆ ಹಚ್ಚಿದರೂ ಮತ್ತೆ ಗುಂಗುರಾಗುವುದಿಲ್ಲ. ಕೂದಲಿನ ಒಳಗೆ ಅದರ ಆಕಾರ ಹಿಡಿದಿಡುವ ಬಂಧಗಳಲ್ಲಿ ಎರಡು ಮುಖ್ಯ. ಗಂಧಕದ ಬಂಧ ಗಟ್ಟಿ, ಅದನ್ನು ಪಾರ್ಲರಿನ ಔಷಧಿ ಒಡೆದು ಬೇರೆ ರೂಪಕ್ಕೆ ಕೂರಿಸುತ್ತದೆ. ಇನ್ನೊಂದು ಜಲಜನಕದ ಬಂಧ. ಅದು ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ, ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ನಮ್ಮ ಕೈಗೆ ಸಿಗುವುದು ಈ ಎರಡನೆಯದು ಮಾತ್ರ. ಹಾಗಾಗಿ ನೇರವಾದ ಭಾಗ ಬೆಳೆದು ಹೋಗಬೇಕು, ಬೇರೆ ದಾರಿ ಇಲ್ಲ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. 30 ಸೆಂಟಿಮೀಟರ್ ಹೊಸ ಕೂದಲು ಬರಬೇಕೆಂದರೆ ಎರಡೂವರೆ ವರ್ಷ ಬೇಕು. ಒಂದೇ ಸಲ ಕತ್ತರಿಸಲು ಮನಸ್ಸಿಲ್ಲದವರು ಮೂರು ತಿಂಗಳಿಗೊಮ್ಮೆ ಎರಡು ಬೆರಳು ತುದಿ ತೆಗೆಸುತ್ತ ಬನ್ನಿ. ಗುಂಗುರು ಮುಗಿದು ನೇರ ಶುರುವಾಗುವ ಜಾಗ ಬಹಳ ಸೂಕ್ಷ್ಮ. ಅಲ್ಲಿ ಬಾಚಣಿಗೆ ಎಳೆದರೆ ಪಟ್ಟನೆ ತುಂಡಾಗುತ್ತದೆ.

ಬರೀ ಇಸ್ತ್ರಿ ಮಷಿನ್ ಬಳಸಿ ನೇರ ಮಾಡಿಕೊಂಡವರಿಗೆ ಅಷ್ಟು ಚಿಂತೆ ಬೇಡ. ಒಂದು ಎಳೆ ಕೂದಲು ಒದ್ದೆ ಮಾಡಿ ನೋಡಿ. ಮೇಲಕ್ಕೆ ಸುರುಳಿ ಸುತ್ತಿಕೊಂಡರೆ ಜೀವ ಇದೆ ಎಂದು ಅರ್ಥ. ಜೋತು ಬಿದ್ದೇ ಇದ್ದರೆ ಆ ಭಾಗ ಸುಟ್ಟಿದೆ.

ಇನ್ನು ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮದು ಗುಂಗುರು ಕೂದಲು ಎಂದೇ ಗೊತ್ತಿರುವುದಿಲ್ಲ. "ನಂದು ಕೆದರು ಕೂದಲು" ಎನ್ನುತ್ತಾರೆ. ನನ್ನ ತಂಗಿಯದೂ ಹಾಗೇ ಇತ್ತು. ಆಯಿ, ಅಂದರೆ ನಮ್ಮ ಅಮ್ಮ, ದಿನಾ ಬೆಳಿಗ್ಗೆ ಒಣಗಿದ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆದೆಳೆದು ಬಾಚಿ, ಎಣ್ಣೆ ಹಾಕಿ, ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದಳು. ಶಾಲೆಗೆ ಹೋಗುವ ಮೊದಲು ಒಂದು ಸುತ್ತು ಅಳು ಆಗಲೇಬೇಕು. ಐವತ್ತು ದಾಟಿದ ಮೇಲೆ ಅವಳು ಬಾಚುವುದನ್ನು ಬಿಟ್ಟಾಗ ಎಷ್ಟು ಚಂದದ ಸುರುಳಿ ಬಂತು ಗೊತ್ತಾ! ಆಯಿ ಅದನ್ನು ನೋಡಬೇಕಿತ್ತು ಅನಿಸಿತು.

ಒಣಗಿದ ಗುಂಗುರು ಕೂದಲನ್ನು ಬಾಚಲೇಬಾರದು. ಸಿಕ್ಕು ಬಿಡಿಸುವುದು ಬಚ್ಚಲಲ್ಲೇ, ಕಂಡೀಷನರ್ ಅಥವಾ ದಾಸವಾಳದ ಗೊಂಪು (ಎಲೆಯ ಲೋಳೆ) ಹಚ್ಚಿಕೊಂಡಿರುವಾಗ, ದೊಡ್ಡ ಹಲ್ಲಿನ ಬಾಚಣಿಗೆಯಿಂದ. ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಗೊಂಪಿಗೆ ಬೇಲಿಯ ದಾಸವಾಳದ ಹತ್ತು ಹನ್ನೆರಡು ಎಲೆ ಸಾಕು. ಒಂದು ಲೋಟ ನೀರಿನಲ್ಲಿ ಕೈಯಿಂದ ಚೆನ್ನಾಗಿ ಕಿವುಚಿ, ಲೋಳೆ ಬಿಟ್ಟ ಮೇಲೆ ಸೋಸಿ. ಅವತ್ತಿನದು ಅವತ್ತೇ ಮುಗಿಸಬೇಕು. ಸೀಗೆಕಾಯಿ ಒಳ್ಳೆಯದೇ, ಆದರೆ ಬರೀ ಸೀಗೆಪುಡಿ ಹಾಕಿ ತಿಕ್ಕಿದರೆ ಗುಂಗುರು ಕೂದಲು ಒರಟಾಗುತ್ತದೆ. ಜೊತೆಗೆ ಗೊಂಪು ಇರಲಿ.

ಮಿಂದು ಬಂದ ಮೇಲಿನದೇ ಮುಖ್ಯ ಕೆಲಸ. ಅಲ್ಲಿ ನಾವು ಮಾಡಬೇಕಾದ್ದು ಬಹಳ ಕಡಿಮೆ. ದಪ್ಪ ಟವೆಲ್ಲಿನಿಂದ ಗಸಗಸ ಉಜ್ಜಬೇಡಿ. ಹಳೆಯ ಹತ್ತಿ ಪಂಚೆ ತೆಗೆದುಕೊಳ್ಳಿ. ಬಗ್ಗಿ, ಕೂದಲನ್ನು ಮುಂದಕ್ಕೆ ಬಿಟ್ಟು, ತುದಿಯನ್ನು ಪಂಚೆಯಲ್ಲಿ ಹಿಡಿದು ನೆತ್ತಿಯ ಕಡೆಗೆ ಮೆತ್ತಗೆ ಹಿಂಡಿ. ನೀರು ತೊಟ್ಟಿಕ್ಕುವುದು ನಿಂತರೆ ಸಾಕು. ಆಮೇಲೆ ಅಗಸೆ ಬೀಜದ ಲೋಳೆಯನ್ನು ಅಂಗೈಗೆ ಸವರಿಕೊಂಡು ಹಾಗೇ ಮೇಲ್ಮುಖವಾಗಿ ಹಿಂಡುತ್ತ ಹಚ್ಚಿ. ಅಲ್ಲಿಗೆ ಕೈ ತೆಗೆಯಿರಿ. ಪೂರ್ತಿ ಒಣಗುವವರೆಗೆ ಮುಟ್ಟಬೇಡಿ, ಕೊಡವಬೇಡಿ, ಬೆರಳಾಡಿಸಬೇಡಿ. ಕೂದಲು ತನ್ನ ರೂಪ ಹಿಡಿಯುವುದು ಆ ಹೊತ್ತಿನಲ್ಲೇ. ನಡುವೆ ಕೆದಕಿದರೆ ಸುರುಳಿ ಒಡೆದು ಕೆದರುತ್ತದೆ. ಒಣಗಿದಾಗ ಕೂದಲು ಸ್ವಲ್ಪ ಬಿರುಸಾಗಿರುತ್ತದೆ. ಎರಡು ಹನಿ ಕೊಬ್ಬರಿ ಎಣ್ಣೆ ಕೈಗೆ ಹಚ್ಚಿಕೊಂಡು ಮೆಲ್ಲಗೆ ಹಿಸುಕಿದರೆ ಮೆತ್ತಗಾಗುತ್ತದೆ.

ಅಗಸೆಯ ಲೋಳೆ ಮಾಡುವಾಗ ಹದ ತಪ್ಪಬಾರದು. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು. ಸಣ್ಣ ಉರಿಯಲ್ಲಿಟ್ಟು ಕೈಯಾಡಿಸುತ್ತಿರಿ. ಮೊದಲು ಬಿಳಿ ನೊರೆ ಬರುತ್ತದೆ, ಆಮೇಲೆ ನೀರು ದಪ್ಪಗಾಗುತ್ತದೆ. ಚಮಚ ಎತ್ತಿದಾಗ ಲೋಳೆಸರದ ರಸದ ಹಾಗೆ ನೂಲು ಇಳಿದರೆ ಒಲೆ ಆರಿಸಿ. ಬಿಸಿ ಇರುವಾಗಲೇ ಸೋಸಬೇಕು. ನಾನು ಮೊದಲ ಸಲ ಫೋನ್ ಬಂತೆಂದು ಬಿಟ್ಟುಹೋಗಿ, ಆರಿದ ಮೇಲೆ ನೋಡಿದರೆ ಬೀಜ, ಲೋಳೆ ಎಲ್ಲ ಒಂದೇ ಮುದ್ದೆ. ಜರಡಿಯಲ್ಲೂ ಇಳಿಯಲಿಲ್ಲ, ಬಟ್ಟೆಯಲ್ಲೂ ಇಳಿಯಲಿಲ್ಲ. ಈಗ ತೆಳು ಬಟ್ಟೆ ಮೊದಲೇ ಪಾತ್ರೆಗೆ ಕಟ್ಟಿಟ್ಟಿರುತ್ತೇನೆ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಇನ್ನು ದಟ್ಟವಾಗಿದ್ದೂ ನೆತ್ತಿಗೆ ಅಂಟಿಕೊಂಡಂತೆ ಚಪ್ಪಟೆ ಕೂರುವ ಕೂದಲು. ನನ್ನದೇ ಹಾಗಿದೆ. ಜಡೆ ಮುಷ್ಟಿ ತುಂಬ, ನೆತ್ತಿ ಮಾತ್ರ ಒತ್ತಿಟ್ಟ ಹಾಗೆ. ಕೂದಲಿನ ಭಾರವೇ ಬುಡವನ್ನು ಎಳೆದು ಮಲಗಿಸುತ್ತದೆ. ಅದಕ್ಕೆ ಸುಲಭದ ಉಪಾಯ ಬೈತಲೆ ಬದಲಿಸುವುದು. ವರ್ಷಗಟ್ಟಲೆ ಒಂದೇ ಕಡೆ ಬೈತಲೆ ತೆಗೆದರೆ ಕೂದಲು ಆ ಕಡೆಗೇ ಮಲಗಿಬಿಡುತ್ತದೆ. ಮಿಂದ ಮೇಲೆ ಇನ್ನೊಂದು ಕಡೆಗೆ ಹಾಕಿಕೊಂಡು ಒಣಗಿಸಿ, ಒಣಗಿದ ಮೇಲೆ ಎಂದಿನ ಜಾಗಕ್ಕೆ ತನ್ನಿ. ಬುಡ ತಾನಾಗಿ ಎದ್ದು ನಿಲ್ಲುತ್ತದೆ. ಎಣ್ಣೆ, ಕಂಡೀಷನರ್ ಯಾವುದೂ ಬುಡಕ್ಕೆ ಬೇಡ, ಕಿವಿಯಿಂದ ಕೆಳಗೆ ಸಾಕು. ಕತ್ತರಿಸುವಾಗ ಸ್ವಲ್ಪ ಲೇಯರ್ ಕೊಡಿಸಿದರೆ ಭಾರವೂ ಇಳಿಯುತ್ತದೆ.

ಮದುವೆ ಮುಂಜಿಗೆ ಅಲೆ ಬೇಕೆಂದರೆ ಬಿಸಿ ಮಷಿನ್ ಯಾಕೆ? ಹಳೆ ಕಾಟನ್ ಸೀರೆಯನ್ನು ಎರಡು ಬೆರಳು ಅಗಲ, ಒಂದು ಗೇಣು ಉದ್ದಕ್ಕೆ ಹರಿದಿಟ್ಟುಕೊಳ್ಳಿ. ಮುಕ್ಕಾಲು ಒಣಗಿದ ಕೂದಲನ್ನು ಎಂಟು ಹತ್ತು ಭಾಗ ಮಾಡಿ, ತುದಿಯನ್ನು ಪಟ್ಟಿಯ ನಡುವೆ ಇಟ್ಟು ಮೇಲಕ್ಕೆ ಸುರುಳಿ ಸುತ್ತಿ, ಪಟ್ಟಿಯ ಎರಡು ಕೊನೆ ಸೇರಿಸಿ ಗಂಟು ಹಾಕಿ ಮಲಗಿ. ಬೆಳಿಗ್ಗೆ ಬಿಚ್ಚಿ ಬೆರಳಿನಿಂದ ಮಾತ್ರ ಬಿಡಿಸಿ. ಪೂರ್ತಿ ಒದ್ದೆ ಇರುವಾಗ ಕಟ್ಟಬೇಡಿ. ದಟ್ಟ ಕೂದಲು ರಾತ್ರಿಯಲ್ಲಿ ಒಣಗುವುದಿಲ್ಲ. ಅಲೆಯೂ ನಿಲ್ಲದು, ಬೆಳಿಗ್ಗೆ ಮುಗ್ಗಲು ವಾಸನೆ ಬೇರೆ. ತಮ್ಮನ ಮಗಳಿಗೆ ಕೆಳಭಾಗ ನೇರವಿರುವಷ್ಟು ದಿನ ಇದನ್ನೇ ಮಾಡು ಎಂದಿದ್ದೇನೆ. ಮೇಲಿನ ಗುಂಗುರಿಗೂ ಕೆಳಗಿನ ಅಲೆಗೂ ಹೊಂದಿಕೆಯಾಗುತ್ತದೆ.

ಆದರೆ ಆಷಾಢ ಶ್ರಾವಣದಲ್ಲಿ ಈ ಅಲೆಯ ಆಸೆ ಬೇಡ. ನಮ್ಮ ಕಡೆಯ ಮಳೆಯಲ್ಲಿ ಗಾಳಿಯೇ ಒದ್ದೆ. ಆ ತೇವಕ್ಕೆ ಕೂದಲಿನ ಜಲಜನಕದ ಬಂಧ ಮತ್ತೆ ಬಿಚ್ಚಿಕೊಂಡು, ಕಟ್ಟಿದ ಅಲೆ ಮಧ್ಯಾಹ್ನದೊಳಗೆ ಇಳಿದುಹೋಗುತ್ತದೆ. ಮಳೆಗಾಲದಲ್ಲಿ ರಾತ್ರಿ ತಲೆಗೆ ಮೀಯಬೇಡಿ, ಬೆಳಿಗ್ಗೆ ಮೀಯಿರಿ. ಒದ್ದೆ ತುರುಬು ಕಟ್ಟಬೇಡಿ, ಅದು ಹೊಟ್ಟಿಗೆ ದಾರಿ. ಮೊದಲಾದರೆ ಬಚ್ಚಲ ಒಲೆಯಿಂದ ದೂರ ಕೂತು ಕಾಯಿಸಿಕೊಳ್ಳುತ್ತಿದ್ದೆವು. ಈಗ ಹೇರ್ ಡ್ರೈಯರ್ ಇದೆ. ಕಡಿಮೆ ಬಿಸಿಯಲ್ಲಿಟ್ಟು, ಒಂದು ಗೇಣು ದೂರ ಹಿಡಿದು ಬುಡ ಒಣಗಿಸಿಕೊಳ್ಳಿ.

ಕರಾವಳಿಯವರಿಗೆ ಇನ್ನೊಂದು ತೊಂದರೆ ನೀರಿನದು. ಬೇಸಿಗೆಯಲ್ಲಿ ಕಡಲ ಹತ್ತಿರದ ಎಷ್ಟೋ ಬಾವಿಗಳು ಉಪ್ಪಾಗುತ್ತವೆ. ಅದರಲ್ಲಿ ಮಿಂದರೆ ಕೂದಲು ಬಿರುಸು, ಗುಂಗುರು ಮಂಕು. ಕುಡಿಯುವ ನೀರಿನಲ್ಲೇ ಎರಡು ಚೊಂಬು ಉಳಿಸಿಟ್ಟು ಕೊನೆಗೆ ಸುರಿದುಕೊಳ್ಳಿ. ಕಡಲಲ್ಲಿ ಆಡಿ ಬಂದರೆ ಅವತ್ತೇ ತಲೆಗೆ ಸಿಹಿನೀರು ಹಾಕಬೇಕು.

ರಾತ್ರಿ ಮಲಗುವಾಗ ಗುಂಗುರು ಕೂದಲನ್ನು ನೆತ್ತಿಯ ಮೇಲೆ ಸಡಿಲ ಗಂಟು ಹಾಕಿ, ದಿಂಬಿಗೆ ಹಳೆಯ ರೇಷ್ಮೆ ಸೀರೆಯ ತುಂಡು ಹೊದಿಸಿ. ಹತ್ತಿಯ ದಿಂಬು ಉಜ್ಜಿ ಉಜ್ಜಿ ಸುರುಳಿ ಕೆಡಿಸುತ್ತದೆ. ಬೆಳಿಗ್ಗೆ ಒಂದೆರಡು ಸುರುಳಿ ಒಡೆದಿದ್ದರೆ ಅಷ್ಟನ್ನೇ ನೀರಿನ ಕೈಯಲ್ಲಿ ಸವರಿ ಬೆರಳಿಗೆ ಸುತ್ತಿ ಬಿಡಿ, ಮತ್ತೆ ಮೀಯುವುದು ಬೇಡ. ಭಟ್ಕಳ ಮಲ್ಲಿಗೆ ಮುಡಿಯುವುದಿದ್ದರೆ ಕೂದಲು ಪೂರ್ತಿ ಒಣಗಿದ ಮೇಲೆ, ಕಿವಿಯ ಹಿಂದೆ ಒಂದೇ ಕ್ಲಿಪ್ಪಿನಲ್ಲಿ ಸಡಿಲವಾಗಿ ಸಿಕ್ಕಿಸಿ. ಒತ್ತಿ ಕಟ್ಟಿದರೆ ಅಷ್ಟು ಜಾಗ ಚಪ್ಪಟೆಯಾಗುತ್ತದೆ.